1966ರ ಡೆಟ್ರಾಯಿಟ್ ಸೋಲ್ ರೆಕಾರ್ಡು: ಹೊಸದರಂತಿರುವ ಪ್ರತಿಯೋ, ಲೇಬಲ್ ಮೇಲೆ ಹೆಸರು ಬರೆದ ಪ್ರತಿಯೋ?

ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ಆ ಹಳೆಯ ರೆಕಾರ್ಡಿನ ಒಂದು ಗೀರೂ ಇಲ್ಲದ 400 ಡಾಲರಿನ ಪ್ರತಿ, ಲೇಬಲ್ ಮೇಲೆ ಯಾರೋ ಶಾಯಿಯಲ್ಲಿ ಹೆಸರು ಬರೆದಿರುವ 120 ಡಾಲರಿನ ಪ್ರತಿ, 15 ಡಾಲರಿನ ಮರುಮುದ್ರಣ, ಇವುಗಳಲ್ಲಿ ಯಾವುದಕ್ಕೆ ಮುಂದೆ ಬೆಲೆ ಬರುತ್ತದೆ ಎಂದು ಕೇಳಿದ್ದೀರಿ. 2011ರಲ್ಲಿ ನಾನೂ ಇದೇ ಲೆಕ್ಕವನ್ನು ಮನಸ್ಸಿನಲ್ಲಿ ಹಾಕುತ್ತ ಒಂದು ರೆಕಾರ್ಡ್ ಮೇಳದ ಮೇಜಿನ ಮುಂದೆ ನಿಂತಿದ್ದೆ. ಆ ದಿನ ನಾನು ಹೊಳೆಯುವುದನ್ನು ಆರಿಸಿಕೊಂಡೆ.

ನಾನು ಹಾಸನದವನು. ಕಾರಿನ ಬಿಡಿಭಾಗಗಳ ಕಂಪನಿಯೊಂದರ ಕೆಲಸಕ್ಕೆಂದು 2004ರಲ್ಲಿ ಮಿಶಿಗನ್‌ಗೆ ಬಂದು, ಡೆಟ್ರಾಯಿಟ್‌ಗೆ ಅಂಟಿಕೊಂಡಂತಿರುವ ಸೌತ್‌ಫೀಲ್ಡ್‌ನಲ್ಲಿ ಮನೆ ಮಾಡಿದೆ. ನೆರೆಮನೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದ ಹಿರಿಯಾಕೆಯೊಬ್ಬರಿದ್ದರು. ಅರವತ್ತರ ದಶಕದಲ್ಲಿ, ಇನ್ನೂ ಹುಡುಗಿಯಾಗಿದ್ದಾಗ, ವಾರದ ಸಂಬಳ ಕೈಗೆ ಬಂದ ಸಂಜೆ ಡೆಟ್ರಾಯಿಟ್‌ನ ಹನ್ನೆರಡನೇ ಬೀದಿಗೆ ಹೋಗಿ ಒಂದು ರೆಕಾರ್ಡ್ ಕೊಳ್ಳುವುದು ಅವರ ರೂಢಿಯಾಗಿತ್ತು. 1967ರ ಜುಲೈ 23ರಂದು ಭುಗಿಲೆದ್ದ ಗಲಭೆಯಲ್ಲಿ ಆ ಬೀದಿಯ ಸಾಲು ಸಾಲು ಅಂಗಡಿಗಳು ಸುಟ್ಟುಹೋದವು. ಮುಂದೆ ಹೆಸರಾಂತ ಗಾಯಕಿಯಾದ, ಆಗಿನ್ನೂ ಬಾಲಕಿಯಾಗಿದ್ದ ಅರೀತಾ ಫ್ರ್ಯಾಂಕ್ಲಿನ್‌ಳ ಹಾಡನ್ನು ಧ್ವನಿಮುದ್ರಿಸಿಕೊಂಡಿದ್ದ ಜೋ ವಾನ್ ಬ್ಯಾಟಲ್ ಅವರ ರೆಕಾರ್ಡ್ ಅಂಗಡಿಯೂ ಅದರಲ್ಲಿ ನಾಶವಾಯಿತು. ಅಂಗಡಿಗಳಲ್ಲಿದ್ದ ಪ್ರತಿಗಳು ಬೂದಿಯಾದ ಮೇಲೆ ಉಳಿದದ್ದು ಇಂಥ ಹುಡುಗಿಯರ ಮನೆಗಳಲ್ಲಿದ್ದವು ಮಾತ್ರ ಎಂಬುದು ನನಗೆ ಆಗ ಹೊಳೆದಿರಲಿಲ್ಲ.

2009ರಲ್ಲಿ ಅವರು ಅಟ್ಲಾಂಟಾದಲ್ಲಿರುವ ಮಗಳ ಮನೆಗೆ ಹೋಗಿ ನೆಲೆಸಲು ಹೊರಟಾಗ, ಹಿಡಿಕೆಯಿರುವ ಒಂದು ರಟ್ಟಿನ ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು. ಅದರಲ್ಲಿ ಏಳು ಇಂಚಿನ, ನಿಮಿಷಕ್ಕೆ 45 ಸುತ್ತು ತಿರುಗುವ 31 ರೆಕಾರ್ಡುಗಳಿದ್ದವು. ‘ಇವು ಕುಣಿಯುವುದಕ್ಕೆ ಇರುವಂಥವು, ಮೂಲೆಗಿಡಬೇಡಪ್ಪ’ ಎಂಬರ್ಥದ ಮಾತನ್ನು ಅವರು ಹೇಳಿದ್ದು ನೆನಪಿದೆ. ಪ್ರತಿಯೊಂದರ ಲೇಬಲ್ ಮೇಲೂ ಹಸಿರು ಶಾಯಿಯಲ್ಲಿ ಅವರ ಹೆಸರು, ಹೆಸರಿನ ಪಕ್ಕದಲ್ಲಿ ವೃತ್ತದೊಳಗೆ ಒಂದು ಅಂಕಿ. ಪೆಟ್ಟಿಗೆಯ ಮುಚ್ಚಳದ ಒಳಗೆ, ಒಂದರಿಂದ 31ರವರೆಗೆ ಯಾವ ಅಂಕಿಗೆ ಯಾವ ಹಾಡು ಎಂದು ಅದೇ ಶಾಯಿಯಲ್ಲಿ ಬರೆದ ಪಟ್ಟಿಯೊಂದಿತ್ತು. ಗೆಳತಿಯರ ಮನೆಯ ಪಾರ್ಟಿಗಳಿಗೆ ಪೆಟ್ಟಿಗೆ ಹೊತ್ತೊಯ್ಯುತ್ತಿದ್ದ ಕಾಲದಲ್ಲಿ, ಯಾರ ರೆಕಾರ್ಡ್ ತಟ್ಟೆ ಯಾರ ಮನೆಗೂ ಸೇರಿಬಿಡಬಾರದೆಂದು ಮಾಡಿಕೊಂಡ ಏರ್ಪಾಡು ಅದು. ನಮ್ಮ ಕಡೆ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಸುವುದು ಇದೇ ಕಾರಣಕ್ಕೆ. ನಮ್ಮಮ್ಮನ ಪಾತ್ರೆಗಳು ಊರಿನ ಎಷ್ಟು ಮದುವೆಗಳಿಗೆ ಹೋಗಿ, ಆ ಹೆಸರಿನ ಬಲದಿಂದ ಎಷ್ಟು ಸಲ ಮನೆಗೆ ಹಿಂದಿರುಗಿದ್ದವೆಂಬುದನ್ನು ನೋಡುತ್ತಲೇ ಬೆಳೆದವನು ನಾನು.

ಆ ಪೆಟ್ಟಿಗೆ ನನಗೆ ಡೆಟ್ರಾಯಿಟ್‌ನ ಇನ್ನೊಂದು ಮುಖವನ್ನು ಪರಿಚಯಿಸಿತು. ಬಹಳ ಜನರಿಗೆ ಈ ಊರಿನ ಸಂಗೀತವೆಂದರೆ 1959ರಲ್ಲಿ ಬೆರ್ರಿ ಗಾರ್ಡಿ ಆರಂಭಿಸಿದ ರೆಕಾರ್ಡ್ ಕಂಪನಿ ಮೋಟೌನ್ ಒಂದೇ. ಆದರೆ ಅದೇ ವರ್ಷಗಳಲ್ಲಿ ಹತ್ತಾರು ಸಣ್ಣ ರೆಕಾರ್ಡ್ ಕಂಪನಿಗಳು, ಅಂದರೆ ಲೇಬಲ್‌ಗಳು ಇಲ್ಲಿ ಹುಟ್ಟಿ ಅಳಿದವು. ಎಡ್ ವಿಂಗೇಟ್ ಮತ್ತು ಜೊವಾನ್ ಬ್ರ್ಯಾಟನ್ ನಡೆಸುತ್ತಿದ್ದ ಗೋಲ್ಡನ್ ವರ್ಲ್ಡ್ ಸ್ಟುಡಿಯೊಕ್ಕೆ ಮೋಟೌನ್‌ನ ವಾದ್ಯಗಾರರೇ ಗುಟ್ಟಾಗಿ ಬಂದು ನುಡಿಸಿ ಹೋಗುತ್ತಿದ್ದರು. ಗಾಯಕ ಎಡ್ವಿನ್ ಸ್ಟಾರ್ 1965ರಲ್ಲಿ ಹೆಸರು ಮಾಡಿದ್ದು ಅವರ ರಿಕ್-ಟಿಕ್ ಲೇಬಲ್‌ನಿಂದ, ಮೋಟೌನ್‌ನಿಂದಲ್ಲ. ಇವಕ್ಕಿಂತಲೂ ಸಣ್ಣವರು ಐನೂರೋ ಸಾವಿರವೋ ಪ್ರತಿಗಳನ್ನು ಒತ್ತಿಸಿ, ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು, ಅಂಗಡಿಗಳಿಗೂ ಡಬ್ಲ್ಯೂಸಿಎಚ್‌ಬಿ, ಡಬ್ಲ್ಯೂಜೆಎಲ್‌ಬಿಯಂಥ ರೇಡಿಯೊ ನಿಲಯಗಳಿಗೂ ತಾವೇ ಅಲೆದು ಹಂಚುತ್ತಿದ್ದರು. ಒಂದು ವಾರ ರೇಡಿಯೊದಲ್ಲಿ ಬಾರದಿದ್ದರೆ ಆ ಹಾಡಿನ ಕಥೆ ಮುಗಿಯಿತು. ಹಾಗೆ ಸೋತ ಹಾಡುಗಳನ್ನೇ ಇಂಗ್ಲೆಂಡಿನ ಉತ್ತರ ಭಾಗದ ಯುವಕರು ಹುಡುಕಿ ತರಿಸಿಕೊಂಡು ಮ್ಯಾಂಚೆಸ್ಟರ್‌ನ ಟ್ವಿಸ್ಟೆಡ್ ವ್ಹೀಲ್ ಕ್ಲಬ್‌ನಲ್ಲಿ, ಆಮೇಲೆ 1973ರಲ್ಲಿ ಆರಂಭವಾದ ವಿಗನ್ ಕ್ಯಾಸಿನೊ ಎಂಬ ನೃತ್ಯ ಕ್ಲಬ್ಬಿನಲ್ಲಿ ಬೆಳಗಿನವರೆಗೆ ಕುಣಿದರು. ಅವರ ಈ ರುಚಿಗೆ ನಾರ್ದರ್ನ್ ಸೋಲ್ ಎಂಬ ಹೆಸರು ಕೊಟ್ಟವರು ಲಂಡನ್ನಿನಲ್ಲಿ ರೆಕಾರ್ಡ್ ಅಂಗಡಿ ನಡೆಸುತ್ತಿದ್ದ ಡೇವ್ ಗಾಡಿನ್.

ಇದನ್ನೆಲ್ಲ ಓದುತ್ತ ಓದುತ್ತ ನನಗೆ ಸಂಗ್ರಾಹಕರ ಬೆಲೆಪಟ್ಟಿಯ ಹುಚ್ಚು ಹಿಡಿಯಿತು. ಅವರ ದರ್ಜೆಗಳ ಭಾಷೆಯಲ್ಲಿ ‘ಲೇಬಲ್ ಮೇಲೆ ಬರಹ’ ಎಂಬುದು ದೋಷ. ತಟ್ಟೆ ಎಷ್ಟೇ ಚೆನ್ನಾಗಿ ಹಾಡಿದರೂ ಹೆಸರು ಬರೆದಿದ್ದರೆ ಬೆಲೆ ಇಳಿಯುತ್ತದೆ. ಆ ಕಣ್ಣಿನಿಂದ ನೋಡಿದಾಗ ನನ್ನ ಪೆಟ್ಟಿಗೆಯ 31ಕ್ಕೆ 31ನ್ನೂ ಯಾರೋ ಹಾಳು ಮಾಡಿಟ್ಟಿದ್ದಾರೆ ಎನ್ನಿಸತೊಡಗಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗಾಯಿತು.

ಮೇಳದಲ್ಲಿ ವ್ಯಾಪಾರಿಯೊಬ್ಬ 1966ರ ಡೆಟ್ರಾಯಿಟ್ ರೆಕಾರ್ಡ್ ಒಂದನ್ನು ಇಟ್ಟುಕೊಂಡಿದ್ದ. ನಾನು ಎರಡು ವರ್ಷದಿಂದ ಹುಡುಕುತ್ತಿದ್ದ ಹಾಡು. ಕನ್ನಡಿಯಂಥ ಮೈ, ಅಂಚಿನಲ್ಲಿ ತುಸು ಮಾಸಿದ ಲೇಬಲ್, ಕಂದು ತಿರುಗಿದ ಕಾಗದದ ಕವರು. ನನ್ನ ಪೆಟ್ಟಿಗೆಗೆ ಬದಲಾಗಿ ಅದನ್ನು ಕೊಡುವುದಾಗಿ ಅವನು ಹೇಳಿದ. ಒಂದು ಗಂಟೆ ಅತ್ತಿತ್ತ ತಿರುಗಾಡಿ ಬಂದು ಒಪ್ಪಿಕೊಂಡೆ. ಪಟ್ಟಿಯ ಹಾಳೆ ತನಗೆ ಬೇಡವೆಂದು ಹರಿದು ನನ್ನ ಕೈಗೆ ಕೊಟ್ಟ.

ಇಲ್ಲಿ ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ 400 ಡಾಲರು ಇದರ ಮೇಲೆಯೇ ನಿಂತಿದೆ. ನಾನು ತಟ್ಟೆಯ ಮೇಲ್ಮೈ ನೋಡಿದೆ, ಲೇಬಲ್ ನೋಡಿದೆ, ಕವರು ನೋಡಿದೆ. ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಉಳಿಯುವ ಬೆರಳಗಲದ ಖಾಲಿ ಪಟ್ಟಿಯನ್ನು ಮಾತ್ರ ನೋಡಲಿಲ್ಲ. ಸಂಗ್ರಾಹಕರು ಅದನ್ನು ಡೆಡ್ ವ್ಯಾಕ್ಸ್ ಎನ್ನುತ್ತಾರೆ. ರೆಕಾರ್ಡಿನ ಜಾತಕವೆಲ್ಲ ಅಲ್ಲಿರುತ್ತದೆ: ಅಚ್ಚಿನ ಸಂಖ್ಯೆ, ಅಚ್ಚು ಕೊರೆದ ಸ್ಟುಡಿಯೊದ ಗುರುತು, ಒತ್ತಿದ ಕಾರ್ಖಾನೆಯ ಮುದ್ರೆ. ಡೆಟ್ರಾಯಿಟ್‌ನ ಎಷ್ಟೋ ರೆಕಾರ್ಡುಗಳು ಮಿಶಿಗನ್ನಿನದೇ ಆದ ಓವೋಸೋ ಊರಿನ ಅಮೆರಿಕನ್ ರೆಕಾರ್ಡ್ ಪ್ರೆಸ್ಸಿಂಗ್ ಕಾರ್ಖಾನೆಯಲ್ಲಿ ತಯಾರಾದವು. 1972ರಲ್ಲಿ ಬೆಂಕಿಗೆ ಆಹುತಿಯಾದ ಆ ಕಾರ್ಖಾನೆ ತನ್ನ ತಟ್ಟೆಗಳಲ್ಲಿ ‘ಎಆರ್‌ಪಿ’ ಎಂಬ ಮೂರು ಪುಟ್ಟ ಅಕ್ಷರಗಳನ್ನು ಒತ್ತುತ್ತಿತ್ತು. ನನಗೆ ಬೇಕಿದ್ದ ರೆಕಾರ್ಡಿನ ಅಸಲಿ ಪ್ರತಿಯಲ್ಲಿ ಆ ಮುದ್ರೆ ಇರುತ್ತದೆ. ನನ್ನ ಕೈಯಲ್ಲಿದ್ದುದರಲ್ಲಿ ಮುದ್ರೆಯೇ ಇರಲಿಲ್ಲ. ಅಚ್ಚಿನ ಸಂಖ್ಯೆಯನ್ನು ಯಾರೋ ಮೊಳೆಯಲ್ಲಿ ಗೀಚಿದಂತೆ ಸೊಟ್ಟಗೆ ಬರೆದಿತ್ತು. ಹತ್ತು ಸೆಕೆಂಡಿನ ಕೆಲಸ ಅದು. ತಟ್ಟೆಯನ್ನು ದೀಪಕ್ಕೆ ಓರೆಯಾಗಿ ಹಿಡಿದು ತಿರುಗಿಸಿದ್ದರೆ ಸಾಕಿತ್ತು.

ಏಕೆ ನೋಡಲಿಲ್ಲ? ಲೇಬಲ್ ಹಳೆಯದಾಗಿತ್ತು, ಕವರು ಹಳೆಯದಾಗಿತ್ತು, ಹಳೆಯದೆಲ್ಲ ಅಸಲಿಯೇ ಎಂದು ನಾನು ನಂಬಿದ್ದೆ. ಈ ನಂಬಿಕೆಯಲ್ಲೇ ದೊಡ್ಡ ಮೋಸವಿದೆ. ಐನೂರು ಪ್ರತಿಗಳಷ್ಟೇ ಇರುವ ಹಾಡಿಗೆ ಇಂಗ್ಲೆಂಡಿನಲ್ಲಿ ಸಾವಿರಾರು ಗಿರಾಕಿಗಳು ಹುಟ್ಟಿಕೊಂಡಾಗ, 1970ರ ದಶಕದಲ್ಲಿಯೇ ನಕಲಿ ಒತ್ತುವವರು ಕೆಲಸಕ್ಕಿಳಿದರು. ಫ್ರ್ಯಾಂಕ್ ವಿಲ್ಸನ್ 1965ರಲ್ಲಿ ಮೋಟೌನ್‌ನ ಸೋಲ್ ಲೇಬಲ್‌ಗೆ ಹಾಡಿ, ಬಿಡುಗಡೆಯಾಗುವ ಮುಂಚೆಯೇ ಕೈಬಿಡಲಾದ ಹಾಡನ್ನು ಆ ದಶಕದಲ್ಲಿ ಎಡ್ಡಿ ಫಾಸ್ಟರ್ ಎಂಬ ಬೇರೊಂದು ಹೆಸರಿನಲ್ಲಿ ಕಳ್ಳತನದಿಂದ ಒತ್ತಿ ಮಾರಿದ್ದರು. ಆ ನಕಲಿಗಳಿಗೆಲ್ಲ ಈಗ ಅರ್ಧ ಶತಮಾನವಾಗುತ್ತ ಬಂದಿದೆ. ಅವುಗಳ ಕವರುಗಳೂ ತಾವಾಗಿಯೇ ಕಂದಾಗಿವೆ, ಲೇಬಲ್‌ಗಳೂ ತಾವಾಗಿಯೇ ಮಾಸಿವೆ. ವಯಸ್ಸು ಮಾತ್ರ ಸಾಕ್ಷಿಯಾಗುವುದಿಲ್ಲ.

ಮೋಸ ಗೊತ್ತಾದದ್ದು ಅದೇ ರಾತ್ರಿ. ಮುಳ್ಳು ಇಟ್ಟು ಕಣ್ಣು ಮುಚ್ಚಿ ಕುಳಿತಿದ್ದೆ. ಎರಡನೇ ಚರಣದಲ್ಲಿ ಟಿಕ್, ಟಿಕ್, ಟಿಕ್ ಎಂದು ಮೂರು ಸಲ ಕೇಳಿಸಿತು, ಒಂದಕ್ಕೊಂದಕ್ಕೆ ಸೆಕೆಂಡಿಗಿಂತ ತುಸು ಹೆಚ್ಚು ಅಂತರದಲ್ಲಿ. ನಿಮಿಷಕ್ಕೆ 45 ಸುತ್ತು ಎಂದರೆ ಒಂದು ಸುತ್ತಿಗೆ 1.33 ಸೆಕೆಂಡು, ಅಡ್ಡಗೀರೊಂದು ಬಿದ್ದ ತಟ್ಟೆ ಸದ್ದು ಮಾಡುವುದು ಸರಿಯಾಗಿ ಅದೇ ಅಂತರದಲ್ಲಿ. ಎದ್ದು ದೀಪ ಹಾಕಿ, ತಟ್ಟೆಯನ್ನು ಕೈಗೆತ್ತಿಕೊಂಡು, ಆ ಜಾಗವನ್ನು ಉಗುರಿನಿಂದ ಮೆಲ್ಲಗೆ ಸವರಿ ನೋಡಿದೆ. ಗೀರು ಇರಲಿಲ್ಲ, ಕೂದಲೆಳೆಯಷ್ಟೂ ಇರಲಿಲ್ಲ. ಮತ್ತೆ ಹಾಕಿದೆ, ಅದೇ ಚರಣದಲ್ಲಿ ಅದೇ ಮೂರು ಟಿಕ್. ನನಗೆ ಕೇಳಿಸುತ್ತಿದ್ದುದು ಇನ್ನಾವುದೋ ರೆಕಾರ್ಡಿನ ಗೀರು. ಯಾರೋ ಯಾವಾಗಲೋ ಸವೆದ ಅಸಲಿ ಪ್ರತಿಯೊಂದನ್ನು ನುಡಿಸಿ, ಅದನ್ನು ಟೇಪಿಗಿಳಿಸಿ, ಅದರಿಂದ ಈ ಹೊಳೆಯುವ ತಟ್ಟೆಯನ್ನು ಒತ್ತಿದ್ದರು. ಮರುದಿನ ವ್ಯಾಪಾರಿಗೆ ಫೋನು ಮಾಡಿದೆ. ಪೆಟ್ಟಿಗೆಯ ರೆಕಾರ್ಡುಗಳನ್ನು ಅಂದೇ ಸಂಜೆ ಬಿಡಿಬಿಡಿಯಾಗಿ ನಾಲ್ಕಾರು ಜನರಿಗೆ ಮಾರಿ ಆಗಿತ್ತು.

ಹಾಗಾಗಿ 400 ಡಾಲರಿನ ಪ್ರತಿಯ ಬಗ್ಗೆ ನನ್ನ ಮಾತು ಇಷ್ಟೇ: ಮಾರುವವರಿಂದ ಎರಡೂ ಬದಿಯ ಡೆಡ್ ವ್ಯಾಕ್ಸ್‌ನ ಸ್ಪಷ್ಟ ಚಿತ್ರ ತರಿಸಿಕೊಳ್ಳಿ. ಡಿಸ್ಕಾಗ್ಸ್ ಎಂಬ ರೆಕಾರ್ಡುಗಳ ವೆಬ್‌ಸೈಟ್‌ನಲ್ಲಿ ಇತರರು ಹಾಕಿರುವ ಅಸಲಿ ಪ್ರತಿಯ ವಿವರಗಳೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆಯಲ್ಲಿ ಒತ್ತಿದ್ದಾದರೆ ಒಂದು ತ್ರಿಕೋನ ಮತ್ತು ಅದರ ಪಕ್ಕ ಸಂಖ್ಯೆ ಇರಬೇಕು. ಅಸಲಿ ಪ್ರತಿ ಸ್ಟೈರೀನ್ ಎಂಬ ಗಡಸು ಪ್ಲಾಸ್ಟಿಕ್ಕಿನದಾಗಿದ್ದು ನಿಮಗೆ ಕೊಡುತ್ತಿರುವುದು ಬಾಗುವ ವಿನೈಲ್ ಆಗಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಸ್ಟೈರೀನ್ ತಟ್ಟೆಯಲ್ಲಿ ಇನ್ನೊಂದು ತೊಡಕಿದೆ: ಕಣ್ಣಿಗೆ ಫಳಫಳ ಹೊಳೆಯುತ್ತಿದ್ದರೂ, ಸವೆದ ಮುಳ್ಳಿನಲ್ಲಿ ನುಡಿಸಿದ್ದರೆ ಹಾಡಿನುದ್ದಕ್ಕೂ ಉಸ್ಸೆನ್ನುತ್ತಿರುತ್ತದೆ. ಆದ್ದರಿಂದ ನುಡಿಸಿದ ಧ್ವನಿಯನ್ನೂ ಕಳಿಸಲು ಹೇಳಿ. ಚಿತ್ರ ಕಳಿಸಲು ಮೀನಮೇಷ ಎಣಿಸುವವರ ಬಳಿ ಕೊಳ್ಳಲೇಬೇಡಿ.

ಮರುಮುದ್ರಣವನ್ನು ನೀವು ಕಡೆಯ ಆಯ್ಕೆಯಾಗಿ ಬರೆದಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ. ಲಂಡನ್ನಿನ ಕೆಂಟ್, 2003ರಲ್ಲಿ ಆರಂಭವಾದ ಶಿಕಾಗೊದ ನ್ಯೂಮೆರೊ ಗ್ರೂಪ್‌ನಂಥ ಮರುಮುದ್ರಣದ ಕಂಪನಿಯವರು ಹಕ್ಕುದಾರರನ್ನು ಹುಡುಕಿ ಒಪ್ಪಂದ ಮಾಡಿಕೊಂಡು, ಹಾಡಿದವರ ಕಥೆಯನ್ನೂ ಕೇಳಿ ಬರೆದು ಪ್ರಕಟಿಸುತ್ತಾರೆ. ಹಾಡು ಕೇಳುವುದಷ್ಟೇ ನಿಮ್ಮ ಆಸೆಯಾಗಿದ್ದರೆ ಅಂಥವರ ಮರುಮುದ್ರಣ ಕೊಳ್ಳುವುದು ಮರ್ಯಾದೆಯ ಕೆಲಸ. ಅನುಮತಿಯಿಲ್ಲದೆ ಒತ್ತಿದ್ದು ಮಾತ್ರ 15 ಡಾಲರಿಗೂ ಬೇಡ.

ಇನ್ನು ಮುಂದೆ ಬೆಲೆ ಬರುತ್ತದೆಯೇ ಎಂಬ ನಿಮ್ಮ ಮೂಲ ಪ್ರಶ್ನೆ. ಫ್ರ್ಯಾಂಕ್ ವಿಲ್ಸನ್ ಅವರ ಆ ರೆಕಾರ್ಡಿನ ಪ್ರತಿಯೊಂದು 2009ರಲ್ಲಿ 25,000 ಪೌಂಡುಗಳಿಗೂ ಹೆಚ್ಚಿಗೆ ಮಾರಾಟವಾದ ಸುದ್ದಿ ಓದಿಯೇ ನಾನೂ ಬೆಲೆಪಟ್ಟಿಗಳ ಹಿಂದೆ ಬಿದ್ದದ್ದು. ನನ್ನ ಅನುಭವದಲ್ಲಿ ಆ ಪ್ರಶ್ನೆ ಕೇಳಿಕೊಂಡ ದಿನದಿಂದ ಕಿವಿ ಕೆಲಸ ನಿಲ್ಲಿಸುತ್ತದೆ. ಬ್ಯಾಂಕಿನಲ್ಲಿಡಬೇಕಾದ ಹಣವಾದರೆ ಬ್ಯಾಂಕಿನಲ್ಲಿಡಿ.

ನಿಮ್ಮ ಸ್ಥಾನದಲ್ಲಿ ನಾನಿದ್ದರೆ, ಡೆಡ್ ವ್ಯಾಕ್ಸ್ ಸರಿಯಿರುವ ಪಕ್ಷದಲ್ಲಿ, ಕೊಳ್ಳುತ್ತಿದ್ದುದು ಹೆಸರು ಬರೆದ 120 ಡಾಲರಿನ ಪ್ರತಿಯನ್ನೇ. ಅದನ್ನು ಒಬ್ಬರು ತಮ್ಮ ದುಡಿಮೆಯಲ್ಲಿ ಕೊಂಡು, ಪಾರ್ಟಿಗೆ ಒಯ್ದು, ಮರಳಿ ಮನೆಗೆ ತಂದುಕೊಂಡಿದ್ದಾರೆ. ಅಂಗಡಿಯ ರಸೀದಿ ಹೇಳಲಾಗದ್ದನ್ನು ಆ ಶಾಯಿ ಹೇಳುತ್ತದೆ.

2014ರಲ್ಲಿ ಒಂದು ಸಂಜೆ ಮಾರಾಟದ ಚಿತ್ರಗಳನ್ನು ನೋಡುತ್ತಿದ್ದಾಗ, ಲೇಬಲ್ಲೊಂದರ ಅಂಚಿನಲ್ಲಿ ಹಸಿರು ಶಾಯಿಯ ಪರಿಚಿತ ಅಕ್ಷರವೂ ವೃತ್ತದೊಳಗೆ 9 ಎಂಬ ಅಂಕಿಯೂ ಕಂಡವು. ಪಟ್ಟಿಯ ಹಾಳೆ ತೆಗೆದು ನೋಡಿದೆ. ಒಂಬತ್ತನೆಯದು ಆ ಚಿತ್ರದಲ್ಲಿದ್ದ ಹಾಡೇ. ‘ಲೇಬಲ್ ಮೇಲೆ ಬರಹವಿದೆ’ ಎಂಬ ಕಾರಣಕ್ಕೆ 38 ಡಾಲರಿಗೆ ಸಿಕ್ಕಿತು. ಹೆಸರು ಬರೆಯದಿದ್ದರೆ ಅದು ಅವರದೆಂದು ನನಗೆ ಯಾವ ಜನ್ಮಕ್ಕೂ ತಿಳಿಯುತ್ತಿರಲಿಲ್ಲ. ಅಟ್ಲಾಂಟಾಕ್ಕೆ ಫೋನು ಮಾಡಿ, ನಡೆದದ್ದನ್ನೆಲ್ಲ ಒಪ್ಪಿಕೊಂಡು, ಫೋನಿನ ಪಕ್ಕದಲ್ಲೇ ಅದನ್ನು ಹಾಕಿದೆ. ಅವರು ಹಾಡು ಮುಗಿಯುವವರೆಗೂ ಮಾತಾಡಲಿಲ್ಲ. ಮುಗಿದ ಮೇಲೆ ಇನ್ನೊಂದು ಬದಿ ಹಾಕಲು ಹೇಳಿದರು. ಈವರೆಗೆ ಐದು ಮರಳಿ ಸಿಕ್ಕಿವೆ.

ನೀವು ಕೇಳಿರುವ ಹಾಡು ಆ ಪಟ್ಟಿಯಲ್ಲಿ 22ನೆಯದು. ದಯವಿಟ್ಟು 120 ಡಾಲರಿನ ಪ್ರತಿಯ ಚಿತ್ರವನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡಿ: ಶಾಯಿ ಯಾವ ಬಣ್ಣದ್ದು, ಹೆಸರಿನ ಪಕ್ಕದಲ್ಲಿ ವೃತ್ತದೊಳಗೆ ಅಂಕಿಯೇನಾದರೂ ಇದೆಯೇ ಎಂಬುದನ್ನು ಇಲ್ಲಿಯೇ ಕೆಳಗೆ ಬರೆಯಿರಿ.