ಎರಡೆರಡು ತಿಂಗಳ ಪಾಳಿಯಲ್ಲಿ ಅಮ್ಮ

(ಗುರುತು ಸಿಗದಂತೆ ಹೆಸರು, ಬಡಾವಣೆ, ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಸಾವಿತ್ರಮ್ಮನವರಿಗೆ 77 ವರ್ಷ. ಸಕ್ಕರೆ ಕಾಯಿಲೆ ಹಳೆಯದು. ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ಎಂದು ಗೊತ್ತಾಗಿ ಒಂದೂವರೆ ವರ್ಷ. ಯಜಮಾನರು ತೀರಿಕೊಂಡ ಮೇಲೆ ಮಕ್ಕಳು ಎರಡೆರಡು ತಿಂಗಳ ಪಾಳಿ ಹಾಕಿಕೊಂಡಿದ್ದರು: ಬೆಂಗಳೂರಿನ ಬಸವನಗುಡಿಯಲ್ಲಿ ದೊಡ್ಡ ಮಗ, ವೈಟ್‌ಫೀಲ್ಡಿನಲ್ಲಿ ಚಿಕ್ಕವನು, ವಿಜಯನಗರದಲ್ಲಿ ಮಗಳು. ತಾಯಿಯ ಆರೈಕೆಯ ಬಗ್ಗೆ ಸಲಹೆ ಕೇಳಲು ನನ್ನ ಹತ್ತಿರ ಬಂದದ್ದು ಮಗಳು. "ಅಮ್ಮನ್ನ ವೃದ್ಧಾಶ್ರಮಕ್ಕೆ ಸೇರಿಸಿದ್ರೆ ಪಾಪ ಸುತ್ಕೊಳ್ಳುತ್ತಾ ಮೇಡಂ?" ಎಂದು ಕೇಳಿದರು.

ರಾತ್ರಿಗಳು ಹೇಗೆ ಕಳೆಯುತ್ತವೆ ಎಂದು ನಾನು ಕೇಳಿದೆ. ಆಗ ನಿಜವಾದ ಕಷ್ಟ ಹೊರಬಂತು. ಮನೆ ಬದಲಾದಾಗಲೆಲ್ಲ ಮೊದಲ ಕೆಲವು ದಿನ ತಾಯಿಗೆ ನಿದ್ದೆ ಇಲ್ಲ. ಒಂದು ಮನೆಯಲ್ಲಿ ಬಚ್ಚಲು ಮಲಗುವ ಕೋಣೆಯ ಪಕ್ಕದಲ್ಲೇ, ಇನ್ನೊಂದರಲ್ಲಿ ಹಾಲ್ ದಾಟಿ ಮೆಟ್ಟಿಲಿಳಿಯಬೇಕು. ಕತ್ತಲಲ್ಲಿ ಹುಡುಕುತ್ತಾ ಬಿದ್ದು ಒಮ್ಮೆ ಮಣಿಕಟ್ಟು ಮುರಿದಿತ್ತು. ಈ ಕಾಯಿಲೆಯಲ್ಲಿ ಹೊಸದನ್ನು ನೆನಪಿಡುವ ಶಕ್ತಿ ಮೊದಲು ಕುಗ್ಗುತ್ತದೆ; ಕೈಕಾಲಿಗೆ ರೂಢಿಯಾದ ಜಾಗವೇ ಆಸರೆ. ಆರು ತಿಂಗಳಲ್ಲಿ ಮೂರು ಮನೆಯಾದರೆ ರೂಢಿ ಎಲ್ಲಿಂದ ಬರಬೇಕು? ಮಕ್ಕಳ ನಡುವೆ ನ್ಯಾಯವಾಗಿ ಹಂಚಿಕೊಂಡದ್ದೇ ತಾಯಿಗೆ ಅನ್ಯಾಯವಾಗಿತ್ತು.

ಮುಂದಿನ ಸಲ ಸಾವಿತ್ರಮ್ಮನವರ ಜೊತೆ ಒಬ್ಬಳೇ ಕೂತು ಮಾತಾಡಿದೆ. ಮರೆವು ಬಂದವರಿಗೆ ಬೇಕುಬೇಡ ಹೇಳಲು ಬರುವುದಿಲ್ಲವೆಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ಅದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಇವರು ಸ್ಪಷ್ಟವಾಗಿಯೇ ಹೇಳಿದರು: "ಎಲ್ಲಾದ್ರೂ ಇರ್ತೀನಿ ಕಣಮ್ಮ, ಕೂತಲ್ಲಿಂದ ಎಬ್ಬಿಸ್ತಾನೇ ಇರ್ಬೇಡಿ ಅಷ್ಟೆ. ನನ್ನ ಪೆಟ್ಟಿಗೆ ಯಾವ ಮನೇಲಿದೆ ಅಂತ ನಂಗೇ ಗೊತ್ತಿರಲ್ಲ."

ಪಾಳಿ ನಿಲ್ಲಿಸಿ, ಜಾಗ ಒಂದೇ ಇರಲಿ, ಖರ್ಚು ಮತ್ತು ದುಡಿಮೆ ಮೂವರದಾಗಲಿ ಎಂದು ಮಕ್ಕಳಿಗೆ ಹೇಳಿದೆ. ಜಾಗ ಆರಿಸುವ ಮುಂಚೆ ಒಂದು ವಾರ, ಯಾವ ಹೊತ್ತಿಗೆ ಯಾವ ಕೆಲಸಕ್ಕೆ ಕೈ ಬೇಕಾಯಿತೆಂದು ಬರೆದಿಡಿಸಿದೆ: ಸ್ನಾನ, ಸೀರೆ, ಊಟ, ಇನ್ಸುಲಿನ್, ಶೌಚ. ಹಗಲಲ್ಲಿ ಬಾಯಿಮಾತಿನ ನೆನಪಿಸುವಿಕೆ ಸಾಕಿತ್ತು. ಸ್ನಾನಕ್ಕೂ ರಾತ್ರಿಗೂ ಮಾತ್ರ ಜೊತೆಗೊಬ್ಬರು ಇರಲೇಬೇಕಿತ್ತು. ಮೆಟ್ಟಿಲಿಲ್ಲದ, ನೆಲಮಹಡಿಯ ಮನೆ ಇದ್ದದ್ದು ಮಗಳದು.

ದೊಡ್ಡ ಮಗ ಒಪ್ಪಲಿಲ್ಲ. "ಗಂಡುಮಕ್ಕಳು ಇಬ್ಬರಿರುವಾಗ ಅಮ್ಮ ಹೆಣ್ಣುಮಗಳ ಮನೇಲಿದ್ರೆ ಜನ ಏನಂತಾರೆ?" ಅವರ ನೋವು ನಿಜವಾದದ್ದು, ಅದನ್ನು ತಳ್ಳಿಹಾಕಲಿಲ್ಲ. ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ ಹೆತ್ತವರ ಜವಾಬ್ದಾರಿಯಲ್ಲಿ ಮಗ, ಮಗಳು ಎಂದು ಭೇದ ಮಾಡುವುದಿಲ್ಲ ಎಂದು ತಿಳಿಸಿದೆ. ಅಳಿಯನ ಒಪ್ಪಿಗೆಯನ್ನು ಅವರ ಬಾಯಿಂದಲೇ ಕೇಳಿಸಿದೆ. ತಾಯಿಯ ಹೆಸರಿನಲ್ಲಿರುವ ಮನೆಯ ಬಾಡಿಗೆ ಅವರ ಆರೈಕೆಗೇ ಹೋಗಲಿ, ಈಗಲೇ ಯಾರ ಹೆಸರಿಗೂ ಬರೆಸಬೇಡಿ ಎಂದೂ ಹೇಳಿದೆ. ಮುಂದೆಂದಾದರೂ ದಾನಪತ್ರ ಮಾಡಿದರೆ ನೋಡಿಕೊಳ್ಳುವ ಷರತ್ತು ಅದರಲ್ಲೇ ಇರಬೇಕು. ಷರತ್ತು ಮುರಿದಾಗ ಪತ್ರ ರದ್ದು ಮಾಡಿಸಲು ಕಾಯ್ದೆಯ 23ನೇ ಕಲಮು ದಾರಿ ಕೊಡುತ್ತದೆ.

ಆರೈಕೆ ಕೇಂದ್ರದ ಬಾಗಿಲನ್ನೂ ಮುಚ್ಚಲಿಲ್ಲ. ಮಗಳ ಆರೋಗ್ಯ ಕೆಟ್ಟರೆ, ತಾಯಿ ಹಾಸಿಗೆ ಹಿಡಿದರೆ ಅದೇ ಸರಿಯಾದ ಜಾಗವಾಗಬಹುದು, ಅದರಲ್ಲಿ ಪಾಪವಿಲ್ಲ ಎಂದು ಮಗಳಿಗೆ ಹೇಳಿದೆ. ಈಗಲೇ ಎರಡು ಮೂರು ನೋಡಿಟ್ಟುಕೊಳ್ಳಿ, ಸಂಜೆ ಹೊತ್ತು ಹೇಳದೆ ಹೋಗಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ, ಕಾಯಿಲೆ ಹೆಚ್ಚಾದರೆ ಇಟ್ಟುಕೊಳ್ಳುತ್ತಾರೋ ವಾಪಸ್ ಕಳಿಸುತ್ತಾರೋ, ಠೇವಣಿಯಲ್ಲಿ ಎಷ್ಟು ಹಿಂದಿರುಗುತ್ತದೆ ಎಂದು ಕೇಳಿ. ಕನ್ನಡ ಬಲ್ಲವರು ಇದ್ದಾರೆಯೇ ಎಂದು ತಪ್ಪದೆ ಕೇಳಿ. ಮರೆವು ಹೆಚ್ಚಾದಂತೆ ಎಷ್ಟೋ ಜನರಲ್ಲಿ ಆಮೇಲೆ ಕಲಿತ ಭಾಷೆಗಳು ಮೊದಲು ಜಾರಬಹುದು. ಆಗ ಹೊಟ್ಟೆನೋವು ಎಂದು ಹೇಳಲು ತಾಯಿನುಡಿಯೇ ಬೇಕಾಗುತ್ತದೆ. ಬೆಂಗಳೂರಿನಲ್ಲಿ ಇದು ಸಣ್ಣ ವಿಷಯವಲ್ಲ.

ಈಗ ಸಾವಿತ್ರಮ್ಮ ವಿಜಯನಗರದಲ್ಲಿದ್ದಾರೆ. ರಾತ್ರಿಗೆ ಕನ್ನಡ ಬಲ್ಲ ಆಯಾ, ಅವರ ಸಂಬಳ ಚಿಕ್ಕ ಮಗನದು. ಭಾನುವಾರಗಳಲ್ಲಿ ದೊಡ್ಡ ಮಗ, ಸೊಸೆ ಬಂದು ದಿನವಿಡೀ ನೋಡಿಕೊಳ್ಳುತ್ತಾರೆ, ಮಗಳು ಹೊರಗೆ ಹೋಗಿಬರುತ್ತಾರೆ. ಆರು ತಿಂಗಳಿಗೊಮ್ಮೆ ಮೂವರೂ ಕೂತು ಏರ್ಪಾಡನ್ನು ಮತ್ತೆ ನೋಡಬೇಕೆಂದು ಬರೆದುಕೊಂಡಿದ್ದಾರೆ. ಮೊದಲ ಸಭೆ ಬಸವನಗುಡಿಯಲ್ಲಿ.