ಪ್ರತಿಕ್ರಿಯೆ: ಸಾಲ ತೀರಿಸದ ಸದಸ್ಯನನ್ನು ಸಭೆಯಿಂದ ಹೊರಗಿಡಬೇಕಾ?

ತಪ್ಪು ಮಾಡಿದವರನ್ನು ತಿದ್ದಲು ಬೈಬಲ್ ಹೇಳುವ ಕ್ರಮದಲ್ಲಿ ನಿಮ್ಮ ಸಭೆಯ (ಚರ್ಚಿನ) ಹಿರಿಯರು ಮೊದಲ ಎರಡು ಹೆಜ್ಜೆ ಬಿಟ್ಟು, ಸಭೆಗೆ ತಿಳಿಸುವ ಮೂರನೆಯದಕ್ಕೆ ನೇರ ಹಾರಿದ್ದಾರೆ. ನಿಮ್ಮ ಸಭೆ ಎರಡು ಪಾಲಾಗಿರುವುದು ಬಹುಶಃ ಅದಕ್ಕೇ. ಸಾಲ ತೀರಿಸದೆ ಸುಳ್ಳು ಹೇಳುತ್ತಿರುವ ಸದಸ್ಯನನ್ನು ಬರುವ ಭಾನುವಾರವೇ ಅನ್ಯೋನ್ಯತೆಯಿಂದ, ಅಂದರೆ ಸಭೆಯ ಸಹವಾಸದಿಂದ, ಹೊರಗಿಡಬೇಕಾ ಅಂತ ಕೇಳಿದ್ದೀರಿ. ಈ ಭಾನುವಾರ ಬೇಡ.

ಬೈಬಲಿನಲ್ಲಿ ಮತ್ತಾಯ 18:15-17 ತೆಗೆದು ನೋಡಿ. ಮೊದಲು ಸಾಲ ಕೊಟ್ಟು ನೊಂದವರು ಒಬ್ಬರೇ ಹೋಗಿ ಮಾತಾಡಬೇಕು. ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ. ಕೇಳದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದುಕೊಂಡು ಹೋಗಲಿ. ಇವರು ಸುಮ್ನೆ ತಲೆಯಾಡಿಸುವವರಾಗಬಾರದು, ಆತನ ಮಾತನ್ನೂ ಕೇಳುವ ತಾಳ್ಮೆ ಇರಬೇಕು. ನಾವು ಒಮ್ಮೆ ಹೀಗೆ ಹೋದಾಗ, ಸುಳ್ಳು ಅಂದುಕೊಂಡಿದ್ದರಲ್ಲಿ ಅರ್ಧ ಬರೀ ನಾಚಿಕೆ ಅಂತ ಗೊತ್ತಾಯಿತು. ತೀರಿಸಲು ಆಗದಿರುವುದು ಬೇರೆ, ಮೋಸ ಬೇರೆ, ಅಲ್ವಾ?

ಅದಕ್ಕೂ ಬಗ್ಗದಿದ್ದರೆ ಸಭೆಗೆ ತಿಳಿಸಬೇಕು. ಸಭೆಯ ಮಾತನ್ನೂ ತಳ್ಳಿಹಾಕಿದರೆ ಮಾತ್ರ ಹೊರಗಿಡುವುದು. ನಡುವೆ ಎಷ್ಟು ದಿನ ಕಾಯಬೇಕು ಅಂತ ಬೈಬಲ್ ವಾಕ್ಯ ಲೆಕ್ಕ ಕೊಟ್ಟಿಲ್ಲ, ಹಿರಿಯರೇ ತೀರ್ಮಾನಿಸಬೇಕು.

ಹೊರಗಿಟ್ಟರೆ ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು), ಸಭೆಯಲ್ಲಿನ ಸೇವೆಯ ಜವಾಬ್ದಾರಿ ನಿಲ್ಲುತ್ತದೆ. ಒಡನಾಟ ಎಷ್ಟಿರಬೇಕು ಅನ್ನುವುದರಲ್ಲಿ ಸಭೆಗಳಿಗೆ ಒಮ್ಮತವಿಲ್ಲ. 1 ಕೊರಿಂಥ 5:11 ಜೊತೆಗೆ ಊಟವನ್ನೂ ಬೇಡ ಅನ್ನುತ್ತದೆ. 2 ಥೆಸಲೋನಿಕ 3:15 ವೈರಿಯೆಂದು ಎಣಿಸದೆ ಸಹೋದರನಂತೆ ಬುದ್ಧಿ ಹೇಳಿ ಅನ್ನುತ್ತದೆ. ನನಗೆ ಎರಡನೆಯದೇ ಜಾಸ್ತಿ ಹಿಡಿಸುತ್ತದೆ. ಹೇಗಿದ್ದರೂ ಹೆಂಡತಿ ಮಕ್ಕಳಿಗೆ ಇದು ತಾಗಬಾರದು.

ತಿದ್ದಿಕೊಂಡು ಬಂದರೆ 2 ಕೊರಿಂಥ 2:7ರಂತೆ ಕ್ಷಮಿಸಿ, ಸಂತೈಸಿ, ಎಲ್ಲರ ಮುಂದೆಯೇ ಸೇರಿಸಿಕೊಳ್ಳಿ.

ಈ ವಾರ ಹಿರಿಯರಿಗೆ ಒಂದೇ ಪ್ರಶ್ನೆ ಕೇಳಿ: ಆತನ ಜೊತೆ ಒಬ್ಬರೇ ಕೂತು ಮಾತಾಡಿದವರು ಯಾರು?