ಮಾವನ ಯಾಕೋಬ, ಅಪ್ಪನ ಪೌಲ

ಪ್ರಿಯ ಸಹೋದರಿ, ವಂದನೆಗಳು.

ನಿಮ್ಮ ಪತ್ರ ಉದ್ದವಿದೆ, ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಓದುಗರಿಗೆ ಸಾರಾಂಶ ಹೇಳಿಬಿಡುತ್ತೇನೆ. ನಿಮ್ಮ ತವರು ಮಂಗಳೂರಿನ ಕಡೆಯ ಸಿಎಸ್‌ಐ (ಪ್ರೊಟೆಸ್ಟಂಟ್) ಕುಟುಂಬ, ಗಂಡನ ಮನೆ ಕಥೋಲಿಕ. ‘ನಂಬಿಕೆಯಿಂದಲೇ ರಕ್ಷಣೆ, ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆ ಓದು’ ಎಂದು ಅಪ್ಪ ಹೇಳುತ್ತಾರೆ. ‘ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದಮ್ಮಾ, ಯಾಕೋಬನ ಪತ್ರಿಕೆ ಓದು’ ಎಂದು ಮಾವ ಹೇಳುತ್ತಾರೆ. ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತರೆ ಸಾರು ಆರಿಹೋಗುವವರೆಗೂ ವಾದ. ಜೊತೆಗೆ, ತವರಿನ ಸಭೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಪ್ರಾರ್ಥನೆಗೆ ಎಲ್ಲರಿಗಿಂತ ಮುಂದೆ, ತೋಟದ ಆಳುಗಳಿಗೆ ಕೂಲಿ ಕೊಡಲು ಹಿಂದೆ. ಕೇಳಿದರೆ ‘ನಾವು ಕೃಪೆಯಿಂದ ರಕ್ಷಣೆ ಹೊಂದಿದವರು, ಕ್ರಿಯೆಯಿಂದಲ್ಲ’ ಎಂದು ಎಫೆಸದವರಿಗೆ ಬರೆದ ಪತ್ರಿಕೆಯ ವಚನ ಹೇಳುತ್ತಾರಂತೆ. ‘ಬೈಬಲ್‌ನಲ್ಲೇ ಎರಡು ಮಾತು ಇದೆಯಾ?’ ಇದು ನಿಮ್ಮ ಪ್ರಶ್ನೆ.

ಇದೆ. ಆದರೆ ಎರಡನ್ನೂ ಒಂದೇ ಥರದ ಜನರಿಗೆ ಹೇಳಿದ್ದಲ್ಲ.

ಪೌಲನ ಮಾತು ಎಲ್ಲಿಂದ ಹುಟ್ಟಿತು ನೋಡಿ. ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಅಂತಿಯೋಕ್ಯದ ಒಂದು ಜಗಳ ಬರುತ್ತದೆ. ಯೇಸುವಿನ ಶಿಷ್ಯ ಪೇತ್ರ ಅಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಊಟ ಮಾಡುತ್ತಿದ್ದ. ಯಾಕೋಬನ ಕಡೆಯವರು ಬಂದದ್ದೇ ತಡ, ಹೆದರಿ ಬೇರೆ ಕೂತ. (ಹೌದು, ಅಲ್ಲೂ ಯಾಕೋಬನ ಹೆಸರೇ! ನಿಮ್ಮ ಅಪ್ಪನಿಗೆ ಹೇಳಬೇಡಿ.) ಪಂಕ್ತಿಭೇದ ಅಂದರೆ ಏನು ಅಂತ ನಮ್ಮ ಜನಕ್ಕೆ ವಿವರಿಸಬೇಕಿಲ್ಲ. ಪೌಲ ಎಲ್ಲರೆದುರೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಮೋಶೆಯ ಧರ್ಮಶಾಸ್ತ್ರದ ಕ್ರಿಯೆಗಳಿಂದ ಯಾರೂ ದೇವರ ಮುಂದೆ ನೀತಿವಂತರಾಗುವುದಿಲ್ಲ ಎಂಬ ಮಾತು ಆ ಜಗಳದ ಬೆನ್ನಿಗೇ ಬರುತ್ತದೆ. ಸುನ್ನತಿ ಆಗಿದೆ, ಊಟದ ನಿಯಮ ಪಾಲಿಸುತ್ತೇವೆ, ಆದ್ದರಿಂದ ನಾವು ಮೇಲು ಅನ್ನುವವರ ಬಾಯಿ ಮುಚ್ಚಿಸಲು ಹೇಳಿದ ಮಾತು ಅದು. ಹಸಿದವರಿಗೆ ಅನ್ನ ಹಾಕಬೇಡಿ ಎಂದು ಪೌಲ ಎಲ್ಲೂ ಹೇಳಲಿಲ್ಲ. ಅದೇ ಪತ್ರಿಕೆಯ 5ನೇ ಅಧ್ಯಾಯದಲ್ಲಿ, ಪ್ರೀತಿಯ ಮೂಲಕ ಕೆಲಸ ಮಾಡುವ ನಂಬಿಕೆಯೇ ಮುಖ್ಯ ಅನ್ನುತ್ತಾನೆ.

ಯಾಕೋಬನ ಎದುರಿಗಿದ್ದವರೇ ಬೇರೆ. ಚಿನ್ನದ ಉಂಗುರದವನು ಸಭೆಗೆ ಬಂದರೆ ಒಳ್ಳೆಯ ಜಾಗ ಕೊಟ್ಟು, ಹರಕು ಬಟ್ಟೆಯವನಿಗೆ ‘ಕೆಳಗೆ ಕೂತ್ಕೋ’ ಅನ್ನುವವರು. ಬಟ್ಟೆ ಇಲ್ಲದ, ಅನ್ನ ಇಲ್ಲದ ಅಣ್ಣತಂಗಿಯರಿಗೆ ‘ಹೋಗಿ ಬೆಚ್ಚಗಿರಿ, ಹೊಟ್ಟೆ ತುಂಬಾ ಉಣ್ಣಿ’ ಎಂದು ಬಾಯಲ್ಲಿ ಆಶೀರ್ವಾದ ಮಾಡಿ ಬರಿಗೈಲಿ ಕಳಿಸುವವರು. ಇಂಥವರ ಹತ್ತಿರ ಇನ್ನೊಮ್ಮೆ ನಂಬಿಕೆಯ ಪಾಠ ಮಾಡಿ ಏನು ಪ್ರಯೋಜನ?

ಇಬ್ಬರೂ ಸಾಕ್ಷಿಗೆ ಕರೆಯುವುದು ಅಬ್ರಹಾಮನನ್ನೇ. ಆದಿಕಾಂಡದ 15ನೇ ಅಧ್ಯಾಯದಲ್ಲಿ ಅವನು ನಂಬಿದ, ದೇವರು ಅದನ್ನು ನೀತಿ ಎಂದು ಎಣಿಸಿದರು. ಪೌಲ ಹಿಡಿಯುವುದು ಇದನ್ನು. ಯಾಕೋಬ ಅದರ ಜೊತೆ 22ನೇ ಅಧ್ಯಾಯವನ್ನೂ ಓದುತ್ತಾನೆ: ಇಸಾಕನನ್ನು ಬಲಿಪೀಠದ ಮೇಲಿಟ್ಟ ದಿನ. 15ರಲ್ಲಿ ಇಸಾಕ ಹುಟ್ಟಿಯೇ ಇರಲಿಲ್ಲ. ಮೊದಲು ನಂಬಿಕೆ. ಅದು ಎಂಥದ್ದು ಎಂದು ಕಂಡದ್ದು ಎಷ್ಟೋ ವರ್ಷಗಳ ನಂತರ.

ನನ್ನನ್ನು ಕೇಳಿದರೆ, ಅಪ್ಪ-ಮಾವ ಇಬ್ಬರೂ ಒಟ್ಟಿಗೆ ಓದಬೇಕಾದ್ದು ಲೂಕನ 19ನೇ ಅಧ್ಯಾಯ. ಯೆರಿಕೋವಿನ ಜಕ್ಕಾಯ ಸುಂಕದವರ ಮುಖ್ಯಸ್ಥ, ದುಡ್ಡಿನ ಮನುಷ್ಯ. ಊರಿಗೆ ಅವನನ್ನು ಕಂಡರಾಗದು. ಅವನು ಒಂದು ಕಾಸೂ ವಾಪಸ್ ಕೊಡುವ ಮೊದಲೇ ಯೇಸು ‘ಮರದಿಂದ ಇಳಿ, ಇವತ್ತು ನಿನ್ನ ಮನೆಗೇ ಬರುತ್ತೇನೆ’ ಅಂದರು. ಅದು ಪೂರಾ ಕೃಪೆ. ಅಪ್ಪನಿಗೆ ಖುಷಿಯಾಗುತ್ತದೆ. ಆಮೇಲೆ ಜಕ್ಕಾಯ ಎದ್ದು ನಿಂತ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಅಂದ. ಈ ಮನೆಗೆ ಇಂದು ರಕ್ಷಣೆ ಬಂತು ಎಂದು ಯೇಸು ಹೇಳಿದ್ದು ಇದಾದ ಮೇಲೆ. ಇದು ಮಾವನಿಗೆ. ಇವೆರಡರಲ್ಲಿ ಯಾವುದನ್ನು ತೆಗೆದರೂ ಕತೆ ನಿಲ್ಲುವುದಿಲ್ಲ, ಅಲ್ವಾ?

ಐತಿಹಾಸಿಕ ಜಗಳ ಗೊತ್ತಿರುವುದೇ. ಕಥೋಲಿಕ ಸಭೆಯಲ್ಲಿ ದುಡ್ಡಿಗೆ ಪಾಪದಂಡನೆಯ ವಿನಾಯಿತಿ ಪತ್ರ ಮಾರುವುದನ್ನು ಕಂಡು 1517ರಲ್ಲಿ ಜರ್ಮನಿಯ ಸುಧಾರಕ ಲೂಥರ್ ಸಿಡಿದೆದ್ದ. ಸಿಟ್ಟಿನ ಭರದಲ್ಲಿ ಯಾಕೋಬನ ಪತ್ರಿಕೆಯನ್ನು ಹುಲ್ಲಿಗೆ ಹೋಲಿಸಿದ, ಅದು ಜಾಸ್ತಿಯಾಯಿತು. ಆದರೆ ನಿಜವಾದ ನಂಬಿಕೆಗೆ ಒಳ್ಳೆಯದನ್ನು ಮಾಡದೆ ಸುಮ್ನೆ ಕೂರಲು ಬರುವುದೇ ಇಲ್ಲ ಎಂದವನೂ ಅವನೇ. ಇತ್ತ 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ, ಕೃಪೆಯಿಲ್ಲದೆ ಸ್ವಂತ ಕ್ರಿಯೆಯಿಂದ ಯಾರೂ ನೀತಿವಂತರಾಗಲಾರರು ಎಂದು ಮೊದಲ ನಿಯಮದಲ್ಲೇ ಬರೆಯಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕಥೋಲಿಕರೂ ಜಂಟಿ ಘೋಷಣೆಗೆ ಸಹಿ ಹಾಕಿದರು: ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ, ನಮ್ಮ ಯೋಗ್ಯತೆಯಿಂದಲ್ಲ, ಆ ಕೃಪೆಯೇ ನಮ್ಮನ್ನು ಸತ್ಕ್ರಿಯೆಗಳಿಗೆ ಕರೆಯುತ್ತದೆ. ಮೆಥಡಿಸ್ಟರು 2006ರಲ್ಲಿ, ರಿಫಾರ್ಮ್ಡ್ ಸಭೆಗಳ ಒಕ್ಕೂಟ 2017ರಲ್ಲಿ ಜೊತೆಗೂಡಿದವು. ಎಲ್ಲ ಭೇದ ಹೋಗಿಲ್ಲ. ಆದರೂ ನಿಮ್ಮ ಮನೆಯ ಜಗಳ ಎರಡೂ ಕಡೆಯ ದೊಡ್ಡವರಿಗಿಂತ ಹಿಂದೆ ಉಳಿದಿದೆ. ನಿಮ್ಮ ಕಡೆಯವರೇ ನೋಡಿ. ನಂಬಿಕೆಯನ್ನೇ ಸಾರಿದ, ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಷನ್‌ನವರು, ಕ್ರೈಸ್ತರಾಗಿ ಕಸುಬು ಕಳೆದುಕೊಂಡವರಿಗಾಗಿ ಮಗ್ಗ ಹಾಕಿಸಿದರು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು.

ಇನ್ನು ತೋಟದ ಹಿರಿಯರು. ಅವರು ಹೇಳುವ ವಚನ ಎಫೆಸ 2:8-9. ಮುಂದಿನ ವಚನವನ್ನೂ ಓದಿಸಿ. ಸತ್ಕ್ರಿಯೆಗಳನ್ನು ಮಾಡಲೆಂದೇ ದೇವರು ನಮ್ಮನ್ನು ಕ್ರಿಸ್ತನಲ್ಲಿ ಸೃಷ್ಟಿಸಿದ್ದಾರೆ ಎಂದು ಅದರಲ್ಲಿದೆ. ಯಾಕೋಬ 5:4 ಇನ್ನೂ ನೇರ: ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ. ಅವರಿಗೆ ರಕ್ಷಣೆ ಇದೆಯಾ ಎಂದು ಕೇಳಿದ್ದೀರಿ. ಅದನ್ನು ಹೇಳಲು ನಾನು ಯಾರು? ಕೂಲಿ ಬಾಕಿ ಇದೆಯಾ ಎಂಬುದನ್ನು ಮಾತ್ರ ಯಾರು ಬೇಕಾದರೂ ಲೆಕ್ಕ ಹಾಕಬಹುದು. ಮೊದಲು ಪಾಸ್ಟರ್ ಹತ್ತಿರ ಮಾತಾಡಿ. ಸಭೆಯ ಕಮಿಟಿಯಲ್ಲಿ ವಿಷಯ ಎತ್ತಲು ಅಪ್ಪನಿಗೆ ಹೇಳಿ, ನಂಬಿಕೆಯ ಪಕ್ಷದವರೇ ಎತ್ತಿದರೆ ಒಳ್ಳೆಯದು. ಅಲ್ಲೂ ಆಗದಿದ್ದರೆ ಆಳುಗಳು ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು, ಅರ್ಜಿ ಬರೆಯಲು ನೀವು ನೆರವಾಗಿ. ಏನಾಯಿತು ಎಂದು ನನಗೂ ಎರಡು ಸಾಲು ಬರೆಯಿರಿ.

– ಸಂಪಾದಕ